ಕೂತವರು ಬೇರು ಬಿಡುವ ನಾಡು

ಆಫ್ರಿಕದ ಒಡಲಿನಲ್ಲಿ, ನಕಾಶೆ ಬರೆಯುವವರು ಬಣ್ಣ ತುಂಬುವುದನ್ನು ಮರೆತುಬಿಟ್ಟ ಒಂದು ನಾಡಿತ್ತು. ಕೆಂಪು ಮಣ್ಣು, ಕಂದು ನೀರಿನ ಅಗಲವಾದ ನದಿ, ಆಳೆತ್ತರದ ಜೋಳ, ಬೇರನ್ನೇ ಬಾನಿಗೆ ಚಾಚಿ ನಿಂತಂತೆ ಕಾಣುವ ದೊಡ್ಡಹುಣಸೆ ಮರಗಳು. ಮಿಕ್ಕ ನಾಡುಗಳ ಹಾಗೆಯೇ ಅಲ್ಲಿಯೂ ಜನ ಹುಟ್ಟುತ್ತಿದ್ದರು, ಜಗಳವಾಡುತ್ತಿದ್ದರು, ಮದುವೆಯಾಗುತ್ತಿದ್ದರು. ವಿಚಿತ್ರವೆಂಬುದು ಒಂದೇ ಇತ್ತು. ಅಲ್ಲಿ ಪೀಠದ ಮೇಲೆ ಕೂತವರಿಗೆ ಬೇರು ಬರುತ್ತಿತ್ತು.

ಹಾಗಾಗಲು ಕಾರಣವಿತ್ತು. ಕಡಲಾಚೆಯಿಂದ ಬಂದ ಬಿಳಿ ಟೋಪಿಯವರು ಬಹಳ ಕಾಲ ಆ ನಾಡನ್ನು ಆಳಿದ್ದರು. ಅವರನ್ನು ಹಡಗು ಹತ್ತಿಸಿ ಕಳಿಸಿದ ದಿನ, ಇನ್ನು ನಮ್ಮವನೇ ಒಬ್ಬ ಕೂರಬೇಕು, ಅವನಿಗೊಂದು ಪೀಠ ಬೇಕು ಎಂದು ಜನ ಮಾತಾಡಿಕೊಂಡರು. ಟೋಪಿಯವರ ಕುರ್ಚಿ ಯಾರಿಗೂ ಬೇಡವಾಗಿತ್ತು. ಊರ ನಡುವಿನ ದೊಡ್ಡಹುಣಸೆಯನ್ನು ಮೊಣಕಾಲೆತ್ತರಕ್ಕೆ ಕೊಯ್ದು, ಬುಡವನ್ನು ಉಜ್ಜಿ ನಯಮಾಡಿ, ಇದೇ ನಮ್ಮ ಪೀಠ ಎಂದರು. ಬುಡ ಇನ್ನೂ ಜೀವಂತವಾಗಿದೆ ಎಂಬುದು ಆ ಸಂಭ್ರಮದಲ್ಲಿ ಯಾರಿಗೂ ಹೊಳೆಯಲಿಲ್ಲ.

ಟೋಪಿಯವರನ್ನು ಓಡಿಸಲು ಮುಂದೆ ನಿಂತಿದ್ದವನನ್ನೇ ಅದರ ಮೇಲೆ ಕೂರಿಸಿದರು. ಅವನನ್ನು ಯಜಮಾನ ಎಂದು ಕರೆದರು. ಸಣಕಲು ಆಳು, ಬರಿಗಾಲಿನಲ್ಲಿ ನಾಡನ್ನೆಲ್ಲ ಸುತ್ತಿದವನು, ಯಾರ ಮನೆಯ ಗಂಜಿಯನ್ನಾದರೂ ಕೇಳಿ ಕುಡಿಯುತ್ತಿದ್ದವನು. ಮೊದಲ ಮಳೆಗಾಲದಲ್ಲಿ ಅವನ ಹಿಮ್ಮಡಿಯಿಂದ ಕೂದಲೆಳೆಯಂಥ ಬೇರು ಇಳಿಯಿತು. ಯಾರೂ ಗಮನಿಸಲಿಲ್ಲ. ಜನ ಅವನನ್ನು ಹೊಗಳಿದರು. ಹೊಗಳಿದ ದಿನವೆಲ್ಲ ಬೇರು ಇನ್ನಷ್ಟು ಇಳಿಯಿತು. ಕೊನೆಗೆ ಅವನ ಕಾಲು ಯಾವುದು, ಪೀಠದ ತೊಗಟೆ ಯಾವುದು ಎಂದು ಹೇಳಲಾಗದಂತೆ ಆಯಿತು. ಎದೆಯವರೆಗೆ ತೊಗಟೆ ಏರಿತು. ಮೊಣಕಾಲಿನಲ್ಲಿ ಚಿಗುರಿದ ಎಲೆಯನ್ನು ಆಡುಗಳು ಬಂದು ಮೇಯ್ದು ಹೋಗುತ್ತಿದ್ದವು. ಅವನಿಗೆ ನೀರು ಹಾಕಲೆಂದೇ ಒಬ್ಬ ಮಂತ್ರಿಯಿದ್ದ. ನೀರುಮಂತ್ರಿ ಎಂದರೆ ನಾಡೇ ನಡುಗುತ್ತಿತ್ತು, ಏಕೆಂದರೆ ಯಜಮಾನ ಏನು ಹೇಳಿದ ಎಂಬುದು ಜನಕ್ಕೆ ತಿಳಿಯುತ್ತಿದ್ದದ್ದು ಅವನ ಬಾಯಿಂದಲೇ.

ದಿನಾ ಬೆಳಗ್ಗೆ ಪೀಠದ ಮುಂದೆ ನಿಂತು ಹಾಡುವವಳು ಒಬ್ಬಳಿದ್ದಳು. ಅವಳ ಅಜ್ಜಿ ಊರಗೌಡರನ್ನು ಹಾಡಿ ಹೊಗಳಿದ್ದಳು, ಅವಳ ತಾಯಿ ಯಜಮಾನನನ್ನು ಹೊಗಳಿದ್ದಳು, ಈಗ ಅವಳ ಸರದಿ. ತುಂಬಿದ ಕೆನ್ನೆ, ಎತ್ತರದ ಮೈ, ನೀಲಿ ಬಟ್ಟೆಯ ರುಮಾಲು. ಹಾಡುಗಾತಿ ಸೋರೆಬುರುಡೆಯ ತಂತಿವಾದ್ಯವನ್ನು ಹೊಟ್ಟೆಗೆ ಒತ್ತಿಕೊಂಡು, ತಾಯಿ ಕಲಿಸಿದ ಹಾಡನ್ನು ಒಂದಕ್ಷರ ಬಿಡದೆ ಹಾಡುತ್ತಿದ್ದಳು: "ಸಿಂಹದ ಅಣ್ಣ ನೀನು, ನದಿಯ ಸೋದರಮಾವ ನೀನು, ನೀನು ಕಣ್ಣು ಮುಚ್ಚಿದರೆ ಇರುಳು, ನೀನು ಸೀನಿದರೆ ಮುಂಗಾರು."

ಅವಳಿಗೆ ಆ ಕೆಲಸದಲ್ಲಿ ಬೇಸರವಿರಲಿಲ್ಲ. ಹೊಗಳುವುದು ಒಳ್ಳೆಯ ಕೆಲಸವೆಂದೇ ಅವಳು ನಂಬಿದ್ದಳು.

ಒಂದು ಬೆಳಗ್ಗೆ ಅವಳು "ನೀನು ಸೀನಿದರೆ" ಎಂದು ದನಿ ಏರಿಸಿದ ಹೊತ್ತಿಗೆ, ಯಜಮಾನನ ಕಿವಿಯ ಹಿಂದಿನ ಪೊಟರೆಯಿಂದ ಮಂಗಟ್ಟೆ ಹಕ್ಕಿಯ ಮರಿಯೊಂದು ದೊಡ್ಡ ಕೊಕ್ಕನ್ನು ಹೊರಹಾಕಿ ಕೀಂಯ್ ಎಂದಿತು. ಥೇಟ್ ಸೀನಿನ ಹಾಗೆಯೇ ಕೇಳಿಸಿತು. ಹಾಡುಗಾತಿಗೆ ನಗು ಬಂತು. ತಡೆದುಕೊಂಡಳು. ಮರಿ ಇನ್ನೊಮ್ಮೆ ಕೀಂಯ್ ಎಂದಿತು. ಆಗ ಅವಳು ಸೋರೆಬುರುಡೆಯನ್ನು ನೆಲಕ್ಕಿಟ್ಟು, ಹೊಟ್ಟೆ ಹಿಡಿದುಕೊಂಡು, ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. ಹಿಂದೆ ನಿಂತಿದ್ದ ಜನವೂ ನಕ್ಕರು. ಯಜಮಾನನ ತುಟಿಯ ಅಂಚಿನ ತೊಗಟೆಯೂ ಚೂರು ಬಿರಿದದ್ದನ್ನು ಅವಳು ಕಂಡಳು.

ಅದನ್ನು ನೀರುಮಂತ್ರಿ ಕಾಣಲಿಲ್ಲ. ಅವಳನ್ನು ಪಕ್ಕಕ್ಕೆ ಕರೆದು ಮೆತ್ತಗೆ ಕೇಳಿದ, "ನಾಳೆ ಬಂದು ಎಂದಿನ ಹಾಗೆ ಹಾಡ್ತೀಯೋ, ಉಪ್ಪಿನ ಬಯಲಿಗೆ ಹೋಗ್ತೀಯೋ?"

"ಹಾಡೋಕೇನು ಸ್ವಾಮಿ, ಹಾಡ್ತೀನಿ. ಆದರೆ ಆ ಸಾಲು ಬಂದಾಗ ನಗು ಬಂದರೆ ಏನು ಮಾಡಲಿ?"

"ಬರಬಾರದು."

"ಅದು ನನ್ನ ಮಾತು ಕೇಳಬೇಕಲ್ಲ."

ಮಾರನೆಯ ದಿನ ಆ ಸಾಲು ಬಂತು, ನಗುವೂ ಬಂತು. ಸಂಜೆಯೊಳಗೆ ಅವಳನ್ನು ಒಂಟೆಯ ಮೇಲೆ ಕೂರಿಸಿ ಉಪ್ಪಿನ ಬಯಲಿಗೆ ಕಳಿಸಿದರು.

ಉಪ್ಪಿನ ಬಯಲೆಂದರೆ ನಾಡಿನ ಉತ್ತರದ ತುದಿ. ಅಲ್ಲಿ ಗಿಡವಿಲ್ಲ, ನೆರಳಿಲ್ಲ. ಕಣ್ಣು ಹಾಯಿಸಿದಷ್ಟೂ ಬಿಳುಪು. ಬೇಡದವರನ್ನೆಲ್ಲ ಅಲ್ಲಿಗೆ ತಂದು ಉಪ್ಪಿನ ಗಡ್ಡೆ ಒಡೆಯಲು ಹಚ್ಚುತ್ತಿದ್ದರು. ಹಾಡುಗಾತಿಯ ಪಕ್ಕದಲ್ಲಿ ಗಡ್ಡೆ ಒಡೆಯುತ್ತಿದ್ದವಳು ಒಬ್ಬ ಕುಂಬಾರಗಿತ್ತಿ. ಯಜಮಾನನಿಗೆ ನೀರು ಹಾಕುವ ಕೊಡಗಳನ್ನು ಮಾಡಿಕೊಡಲಾರೆ ಎಂದದ್ದು ಅವಳ ಅಪರಾಧ. ಗಿಡ್ಡ ಹೆಂಗಸು, ಮಾತು ಚುರುಕು.

"ನೀನು ಯಾತಕ್ಕೆ ಬಂದೆ?" ಎಂದು ಕುಂಬಾರಗಿತ್ತಿ ಕೇಳಿದಳು.

"ನಕ್ಕೆ."

"ಅಷ್ಟೇನಾ?"

"ಎರಡು ಸಲ ನಕ್ಕೆ."

ಕುಂಬಾರಗಿತ್ತಿ ಸುತ್ತಿಗೆ ಕೆಳಗಿಟ್ಟು ಅವಳನ್ನೇ ನೋಡಿದಳು. ಅಂದಿನಿಂದ ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡರು.

ಮೊದಮೊದಲು ಹಾಡುಗಾತಿ ಬಾಯಿ ಬಿಡಲಿಲ್ಲ. ಅವಳಿಗೆ ಬರುತ್ತಿದ್ದದ್ದು ಹೊಗಳುವ ಹಾಡೊಂದೇ. ಹೊಗಳಲು ಅಲ್ಲಿ ಯಾರಿದ್ದಾರೆ? ಒಂದು ದಿನ ಮುದುಕನೊಬ್ಬ ಗಡ್ಡೆ ಹೊರಲಾರದೆ ಕುಸಿದು ಕೂತ. ಅವನನ್ನು ಎಬ್ಬಿಸಲು ಅವಳಿಗೆ ಬೇರೆ ದಾರಿ ತೋಚಲಿಲ್ಲ. ಅವನ ಮುಂದೆ ನಿಂತು ಹಾಡಿದಳು: "ಬಿರುಕು ಹಿಮ್ಮಡಿಯ ಅಣ್ಣ ನೀನು, ನಿನ್ನೆ ನನ್ನ ಪಾಲಿನ ಗಡ್ಡೆ ಹೊತ್ತವನು ನೀನು, ನೀನು ಕೆಮ್ಮಿದರೆ ಒಂಟೆ ತಿರುಗಿ ನೋಡುತ್ತದೆ." ಮುದುಕ ನಕ್ಕ. ಎದ್ದ. ನನಗೊಂದು ಹಾಡು ಎಂದು ಮತ್ತೊಬ್ಬ ಕೇಳಿದ. ಅವಳು ದಿನಕ್ಕೊಬ್ಬರ ಮೇಲೆ ಹಾಡು ಕಟ್ಟಿದಳು. ಕಾವಲಿನವರೂ ನಾಚುತ್ತ ಬಂದು, ನನ್ನ ಮೇಲೂ ಕಟ್ಟು ಎಂದರು. ಯಾವ ಹಾಡಿನಲ್ಲಿಯೂ ಸುಳ್ಳಿರುತ್ತಿರಲಿಲ್ಲ. ಉಪ್ಪು ಹೊತ್ತ ಒಂಟೆಗಳ ಜೊತೆ ಆ ಹಾಡುಗಳು ಹಳ್ಳಿ ಹಳ್ಳಿಗೆ ಹೋದವು. ಜೋಳ ಕುಟ್ಟುವ ಹೆಂಗಸರು ತಮ್ಮ ತಮ್ಮ ಅತ್ತಿಗೆ ನಾದಿನಿಯರ ಮೇಲೆ ಹಾಡು ಕಟ್ಟಲು ಕಲಿತರು. ಇಡೀ ನಾಡು ಒಬ್ಬರನ್ನೊಬ್ಬರು ಹೊಗಳಿಕೊಳ್ಳುವುದರಲ್ಲಿ ಮುಳುಗಿ, ಯಜಮಾನನನ್ನು ಮರೆಯಿತು.

ಪೀಠದ ಮುಂದೆ ಹಾಡಲು ನೀರುಮಂತ್ರಿ ಬೇರೆಯವರನ್ನು ತಂದ. ಒಬ್ಬೊಬ್ಬರೂ "ನೀನು ಸೀನಿದರೆ" ಎಂಬಲ್ಲಿಗೆ ಬಂದು ನಿಂತುಬಿಡುತ್ತಿದ್ದರು. ನಗು ದಡಾರದ ಹಾಗೆ ಒಬ್ಬರಿಂದ ಒಬ್ಬರಿಗೆ ಅಂಟಿತ್ತು. ಹಾಡಿಲ್ಲದೆ ಯಜಮಾನನ ಎಲೆಗಳು ಹಳದಿಯಾದವು. ಎಷ್ಟು ಕೊಡ ನೀರು ಸುರಿದರೂ ಹಸಿರಾಗಲಿಲ್ಲ. ಮಂತ್ರಿ ಹೆದರಿದ. ಒಂಟೆ ಹತ್ತಿ ತಾನೇ ಉಪ್ಪಿನ ಬಯಲಿಗೆ ಹೋದ.

"ಬಾ ತಾಯಿ. ಯಜಮಾನರು ಒಣಗ್ತಿದ್ದಾರೆ. ನೀನು ಹಾಡಿದರೆ ಚಿಗುರುತ್ತಾರೆ."

"ಹಾಡು ಬೇಕು ಅಂತ ಅವರೇ ಕೇಳಿದರಾ?" ಎಂದಳು ಹಾಡುಗಾತಿ.

ಮಂತ್ರಿಗೆ ಪ್ರಶ್ನೆ ಅರ್ಥವಾಗಲಿಲ್ಲ. "ಅವರನ್ನು ಯಾರು ಕೇಳ್ತಾರೆ? ಅವರ ಪರವಾಗಿ ನಾನು ಹೇಳ್ತೀನಿ. ಹಾಗೇ ಅಲ್ಲವೇ ನಡೆದುಕೊಂಡು ಬಂದದ್ದು?"

"ಹಾಗಾದರೆ ಬರ್ತೀನಿ. ಇಲ್ಲಿರುವವರೆಲ್ಲ ನನ್ನ ಜೊತೆ ಬರ್ತಾರೆ. ಒಪ್ಪಿಗೆಯಾ?"

ಒಪ್ಪದೆ ಅವನಿಗೆ ಗತ್ಯಂತರವಿರಲಿಲ್ಲ. ಉಪ್ಪಿನ ಬಯಲಿನವರೆಲ್ಲ, ಕಾವಲಿನವರೂ ಸೇರಿ, ಉಪ್ಪು ಮೆತ್ತಿದ ಬಿಳಿಯ ಕಾಲುಗಳಲ್ಲಿ ಕೆಂಪು ನೆಲದ ಮೇಲೆ ನಡೆದು ಬಂದರು. ದಾರಿಯುದ್ದಕ್ಕೂ ಹಳ್ಳಿಗಳು ಕೂಡಿಕೊಂಡವು. ಊರ ನಡುವಿಗೆ ಬರುವ ಹೊತ್ತಿಗೆ ಆ ಜನಸಾಲು ನದಿಗಿಂತ ಅಗಲವಾಗಿತ್ತು.

ಹಾಡುಗಾತಿ ಪೀಠದ ಹತ್ತಿರ ಹೋಗಿ, ಯಜಮಾನನ ಕಿವಿಯ ಬಳಿ ಬಾಗಿ, ಯಾರೂ ಎಂದೂ ಕೇಳದಿದ್ದದ್ದನ್ನು ಕೇಳಿದಳು. "ಯಜಮಾನರೇ, ನಿಮಗೆ ಏಳಬೇಕು ಅನಿಸ್ತದಾ?"

ಹಾಡಿಲ್ಲದೆ ಒಣಗಿ ಸಡಿಲವಾಗಿದ್ದ ತುಟಿಯ ತೊಗಟೆ ಕಿರುಗುಟ್ಟಿತು. ಆಮೇಲೆ ಒಣಗಿದ ದನಿ ಬಂತು. "ಬೆನ್ನು ತುರಿಸ್ತದೆ. ಎಷ್ಟೋ ಮಳೆಗಾಲದಿಂದ ತುರಿಸ್ತದೆ. ಎದ್ದರೆ ಜನ ಹೊಡೀತಾರೆ ಅಂದ ಈ ಮಂತ್ರಿ."

ಹಾಡುಗಾತಿ ಜನದತ್ತ ತಿರುಗಿದಳು. "ಎದ್ದರೆ ಹೊಡೀತೀರಾ?"

ಜನ ಗುಜುಗುಜು ಮಾಡಿದರು. ಹೊಡೆಯುವುದಿಲ್ಲ ಎಂದು ಹೇಳಲು ಯಾರಿಗೂ ಬಾಯಿ ಬರಲಿಲ್ಲ. ಮುಂದಿನ ಸಾಲಿನಲ್ಲಿ ಜೋಳದ ಹೊಲದವಳೊಬ್ಬಳು ಗುದ್ದಲಿ ಹಿಡಿದು ನಿಂತಿದ್ದಳು. ಅವಳು ಹೇಳಿದಳು, "ನನ್ನ ಗಂಡ ಉಪ್ಪಿನ ಬಯಲಲ್ಲಿ ಸತ್ತ. ಹೊಡೆಯೋದಿಲ್ಲ ಅಂತ ಮಾತು ಕೊಡಲಾರೆ. ಆದರೆ ಮರವನ್ನು ಹೊಡೆದರೆ ನನಗೇನು ಸಿಗ್ತದೆ? ಮೊದಲು ಅವನು ಮನುಷ್ಯ ಆಗಲಿ. ಆಮೇಲೆ ಮಾತಾಡ್ತೀನಿ."

ಅವಳೇ ಮೊದಲ ಗುದ್ದಲಿ ಹಾಕಿದಳು. ಬೇರನ್ನು ಕಡಿಯಲಿಲ್ಲ, ಸುತ್ತ ಅಗೆದರು. ಮಣ್ಣು ಹದವಾಗಿದೆಯೇ ಎಂದು ಕುಂಬಾರಗಿತ್ತಿ ಕೈಯಲ್ಲಿ ಹಿಡಿದು ನೋಡುತ್ತ, ಇಲ್ಲಿ ಮೆತ್ತಗೆ, ಅಲ್ಲಿ ಜೋರಾಗಿ ಎಂದು ಹೇಳುತ್ತಿದ್ದಳು. ಬೇರು ಸಡಿಲವಾದಂತೆ ತೊಗಟೆ ಉದುರಿತು. ಸಂಜೆಯ ಹೊತ್ತಿಗೆ, ಬೆಳಕು ಕಂಡಿರದ ಬಿಳಚಿದ ಎರಡು ಕಾಲುಗಳ ಮೇಲೆ, ತುಂಬ ವಯಸ್ಸಾದ ಒಬ್ಬ ಮನುಷ್ಯ ನಡುಗುತ್ತ ನಿಂತಿದ್ದ. ಮಂಗಟ್ಟೆಗಳು ಮುನಿಸಿಕೊಂಡು ಹಾರಿಹೋದವು.

ಜೋಳದ ಹೊಲದವಳು ಅವನೆದುರು ಬಂದು ನಿಂತಳು. ಯಜಮಾನ ತಲೆ ತಗ್ಗಿಸಿದ. "ನಿನ್ನ ಗಂಡ ಏನು ಮಾಡಿದ್ದ?" ಎಂದು ಕೇಳಿದ.

"ನಿಮ್ಮ ಎಲೆ ಮೇಯ್ದ ಆಡನ್ನು ನಮ್ಮದು ಅಂತ ಒಪ್ಪಿಕೊಂಡ."

ಯಜಮಾನ ಅಲ್ಲೇ ಕುಸಿದು ಕೂತು ಅತ್ತ. ಅವಳು ಅಷ್ಟೂ ಹೊತ್ತು ನಿಂತು ನೋಡಿದಳು. ಸಮಾಧಾನದ ಮಾತಾಡಲಿಲ್ಲ. ಕೊನೆಗೆ, "ನನ್ನ ಹೊಲದಲ್ಲಿ ಹಕ್ಕಿ ಕಾಯೋರಿಲ್ಲ. ನಡೀರಿ" ಎಂದಳು. ಅವನು ಅವಳ ಹಿಂದೆ ಹೋದ. ಹಕ್ಕಿ ಕಾಯುವುದರಲ್ಲಿ ಅವನಿಂದ ಏನೂ ಪ್ರಯೋಜನವಾಗಲಿಲ್ಲ. ಕೈ ಚಾಚಿ ನಿಂತರೆ ಹಕ್ಕಿಗಳು ಅಭ್ಯಾಸಬಲದಿಂದ ಅವನ ಮೇಲೆಯೇ ಬಂದು ಕೂರುತ್ತಿದ್ದವು. ಆದರೂ ಅವಳು ಅವನನ್ನು ಕಳಿಸಲಿಲ್ಲ.

ಮುಂದೆ ಯಾರು ಕೂರಬೇಕು ಎಂಬ ಮಾತು ಬಂತು. ಈ ಸಲ ಜನ ಒಂದು ಉಪಾಯ ಮಾಡಿದರು. ಕೂರಲು ಬಯಸಿದವರು ತಮ್ಮ ಮುಂದೆ ಒಂದೊಂದು ನಗಾರಿ ಇಟ್ಟುಕೊಳ್ಳಬೇಕು. ಪ್ರತಿಯೊಬ್ಬರೂ ನದಿಯಿಂದ ಒಂದು ಬೆಣಚುಕಲ್ಲು ತಂದು, ಮನಸ್ಸು ಒಪ್ಪಿದವರ ನಗಾರಿಯ ಮೇಲೆ ಬೀಳಿಸಬೇಕು. ಸದ್ದು ಊರಿಗೆಲ್ಲ ಕೇಳಬೇಕು. ಐದು ಮಳೆಗಾಲ ಕಳೆದ ಮೇಲೆ ಮತ್ತೆ ನಗಾರಿ ಇಡಬೇಕು. ನೀರುಮಂತ್ರಿಯೂ ಒಂದು ನಗಾರಿ ಇಟ್ಟ. ಅದು ಮಾತಾಡಲೇ ಇಲ್ಲ. ನದಿ ದಾಟಿಸುವ ಅಂಬಿಗನೊಬ್ಬ ಇಟ್ಟ. ಕಪ್ಪು ಬಂಡೆಯಂಥ ಮೈ, ದಡದಿಂದ ದಡಕ್ಕೆ ಕೂಗಿ ಕೂಗಿ ಒರಟಾದ ಗಂಟಲು. ಅವನ ನಗಾರಿ ಚೆನ್ನಾಗಿಯೇ ಸದ್ದು ಮಾಡಿತು. ಆದರೆ ಹಾಡುಗಾತಿಯ ನಗಾರಿ ಬೆಳಗಿನಿಂದ ಸಂಜೆಯವರೆಗೆ ಗುಡುಗಿತು.

ಹೀಗೆ ಅವಳು ಯಜಮಾನಿಯಾದಳು. ಜನ ಮಾತ್ರ ಹಾಡುಗಾತಿ ಎಂದೇ ಕರೆದರು.

ಅವಳು ಪೀಠದ ಮೇಲೆ ಕೂರಲಿಲ್ಲ. "ನಡೆದುಕೊಂಡೇ ಆಳ್ತೀನಿ" ಎಂದಳು. ಬೆಳಗ್ಗೆ ಎದ್ದು ಹೊರಟರೆ ಮಂತ್ರಿಗಳು ಏದುಸಿರು ಬಿಡುತ್ತ ಹಿಂದೆ ಓಡುತ್ತಿದ್ದರು. ಕುಂಬಾರಗಿತ್ತಿ ಈಗ ಅವಳ ದೊಡ್ಡ ಮಂತ್ರಿ. ಗಿಡ್ಡ ಕಾಲುಗಳಲ್ಲಿ ಅವಳು ಎಲ್ಲರಿಗಿಂತ ಮುಂದಿರುತ್ತಿದ್ದಳು. ಜನ ದೂರು ಹೇಳಬೇಕಾದರೆ ಜೊತೆಯಲ್ಲಿ ನಡೆಯಬೇಕಿತ್ತು. ಅರ್ಧ ದೂರುಗಳು ದಾರಿ ಸವೆಯುವಷ್ಟರಲ್ಲಿ ತಾವಾಗಿಯೇ ಸವೆಯುತ್ತಿದ್ದವು. ಉಳಿದ ಅರ್ಧಕ್ಕೆ ಅವಳು ಉತ್ತರ ಹುಡುಕಿದಳು. ಉಪ್ಪಿನ ಬಯಲಿಗೆ ಇನ್ನು ಯಾರನ್ನೂ ಕಳಿಸಕೂಡದು ಎಂದಳು. ಬಾವಿಗಳು ಬಂದವು. ಮರದ ಕೆಳಗೆ ಮಕ್ಕಳು ಅಕ್ಷರ ತಿದ್ದಿದರು. ನದಿಗೊಂದು ಸೇತುವೆ ಕಟ್ಟಬೇಕೆಂದು ಅವಳು ಆಸೆಪಟ್ಟಳು, ಕಂಬಗಳು ಏಳತೊಡಗಿದವು. ಅದನ್ನು ಬೇಡವೆಂದವನು ಅಂಬಿಗನೊಬ್ಬನೇ. ಅವಳು ನಡೆದಲ್ಲೆಲ್ಲ ಹಿಂದಿನಿಂದ ಅವನ ಒರಟು ಗಂಟಲು ಕೇಳಿಸುತ್ತಿತ್ತು. "ಹಾಡುಗಾತೀ, ಸೇತುವೆ ಬಂದರೆ ದೋಣಿಯವರು ಏನು ತಿನ್ನಬೇಕು?"

"ನಾಳೆ ಹೇಳ್ತೀನಿ" ಎನ್ನುತ್ತಿದ್ದಳು ಅವಳು.

"ನಿನ್ನೆಯೂ ನಾಳೆ ಅಂದೆ."

ಹೀಗಿರುವಾಗ ದನ ಕಾಯುವವರಿಗೂ ಹೊಲ ಉಳುವವರಿಗೂ ನದಿಬಯಲಿನ ಹುಲ್ಲಿಗಾಗಿ ಜಗಳ ಹತ್ತಿತು. ಈಟಿಗಳು ಹೊರಬಂದವು. ಹಾಡುಗಾತಿ ಎರಡೂ ಕಡೆಯ ಹಿರಿಯರನ್ನು ಕರೆದಳು. "ನಡೀತಾ ಮಾತಾಡೋಣ" ಎಂದಾಗ ಅವರು ತಲೆಯಾಡಿಸಿದರು. "ನಮ್ಮ ಸತ್ತವರ ವಿಚಾರ ಇದು. ನಡೆಯೋರ ಹತ್ರ ಹೇಳೋ ಮಾತಲ್ಲ. ಕೂತು ಕೇಳಬೇಕು."

ಮಾತು ನ್ಯಾಯವಾಗಿತ್ತು. ಅವಳು ಪೀಠದ ಮೇಲೆ ಕೂತಳು.

ಇಡೀ ಬೇಸಗೆ ಕೂತು ಕೇಳಿದಳು. ಯಾರ ಮಾತನ್ನೂ ನಡುವೆ ತುಂಡರಿಸಲಿಲ್ಲ. ಕೊನೆಗೆ, ಕೊಯ್ಲಾದ ಮೇಲೆ ದನ ಹೊಲಕ್ಕಿಳಿಯಲಿ, ಬಿತ್ತುವ ಮುಂಚೆ ದನ ಹೊರಡಲಿ, ಗೊಬ್ಬರ ಹೊಲಕ್ಕಿರಲಿ, ಹಾಲಿನ ಪಾಲು ಹೊಲದವರ ಮಕ್ಕಳಿಗಿರಲಿ ಎಂದಳು. ಈಟಿಗಳು ಒಳಗೆ ಹೋದವು. ಅದೇ ಮಳೆಗಾಲದಲ್ಲಿ ದನಗಾರರ ಹುಡುಗಿಯೊಬ್ಬಳು ಹೊಲದವರ ಮನೆಗೆ ಸೊಸೆಯಾಗಿ ಬಂದಳು. ಆ ಮದುವೆಯಲ್ಲಿ ಕುಣಿಯದವರಿಲ್ಲ.

ಜನ ಮೆಚ್ಚಿದರು. ಕೂತರೆ ಎಷ್ಟು ಚೆನ್ನಾಗಿ ಯೋಚಿಸ್ತಾಳೆ, ಇನ್ನು ಮೇಲೆ ಕೂತೇ ಇರಲಿ ಎಂದರು. ಕುಂಬಾರಗಿತ್ತಿಯೂ ಹಾಗೆಯೇ ಎಂದಳು. ಹಾಡುಗಾತಿ ದಿನಾ ಒಂದಿಷ್ಟು ಹೊತ್ತು ಕೂತಳು. ಆಮೇಲೆ ದಿನವಿಡೀ ಕೂತಳು. ಒಂದು ಬೆಳಗ್ಗೆ ಒಳ್ಳೆಯ ಕಂಠದ ತರುಣಿಯೊಬ್ಬಳು ಪೀಠದ ಮುಂದೆ ನಿಂತು ಹಾಡಿದಳು: "ನಗುವಿನ ಅಕ್ಕ ನೀನು, ಜಗಳದ ಅತ್ತೆ ನೀನು, ನೀನು ಕೂತರೆ ನೆಲಕ್ಕೆ ನೆಮ್ಮದಿ." ಸುಳ್ಳೇನೂ ಇರಲಿಲ್ಲ ಅದರಲ್ಲಿ. ಹಾಡುಗಾತಿ ಕಣ್ಣು ಮುಚ್ಚಿ ಕೇಳಿದಳು. ಎಡಗಾಲಿನ ಹಿಮ್ಮಡಿ ಜುಮ್ಮೆಂದಿತು.

ಕಾಲು ಎತ್ತಿ ನೋಡಿದಳು. ಎತ್ತಲಾಗಲಿಲ್ಲ. ಕೂದಲೆಳೆಯಂಥ ಬಿಳಿ ಬೇರೊಂದು ಮಣ್ಣಿಗಿಳಿದಿತ್ತು.

ಅವಳು ಕಿರುಚಬೇಕಿತ್ತು. ಆದರೆ ಅದು ಹಿತವಾಗಿತ್ತು. ಆಳದಲ್ಲೆಲ್ಲೋ ಇದ್ದ ತಣ್ಣನೆಯ ನೀರು ಆ ಎಳೆಯ ಮೂಲಕ ಮೇಲೇರಿ, ಮೀನಖಂಡವನ್ನು ತುಂಬಿ, ಎದೆಯವರೆಗೆ ಬರುತ್ತಿತ್ತು. ಇಷ್ಟು ವರ್ಷ ನಡೆದ ಆಯಾಸವೆಲ್ಲ ಇಳಿದುಹೋಯಿತು. ನಾಡೆಲ್ಲ ತನ್ನ ಮೈಯೇ ಎನಿಸಿತು. ಅವಳು ಬಟ್ಟೆಯ ಸೆರಗನ್ನು ಉದ್ದಕ್ಕೆ ಬಿಟ್ಟು ಕಾಲನ್ನು ಮುಚ್ಚಿಕೊಂಡಳು.

ಮತ್ತೆ ನಗಾರಿ ಇಡುವ ಕಾಲ ಬಂತು. ಕುಂಬಾರಗಿತ್ತಿ ಬಂದು, "ನಗಾರಿಗಳ ಚರ್ಮಕ್ಕೆ ಗೆದ್ದಲು ಹಿಡಿದಿದೆ. ಇದೊಂದು ಮಳೆಗಾಲ ಕಳೀಲಿ. ಸೇತುವೆ ಬೇರೆ ಇನ್ನೂ ಅರ್ಧವೇ ಆಗಿದೆ" ಎಂದಳು.

ಗೆದ್ದಲು ಹಿಡಿದಿದೆಯೇ ಎಂದು ಹಾಡುಗಾತಿ ನೋಡಲು ಹೋಗಲಿಲ್ಲ. ನೋಡಬೇಕಾದರೆ ಏಳಬೇಕಿತ್ತು. "ಹಾಗೇ ಆಗಲಿ" ಎಂದಳು. ಯಾರೂ ಬೇಡವೆನ್ನಲಿಲ್ಲ. ಅಂಬಿಗ ಮಾತ್ರ ಸಂತೆಯ ನಡುವೆ ನಿಂತು, ಗೆದ್ದಲು ಹಿಡಿದಿರೋದು ನಗಾರಿಗಲ್ಲ ಎಂದು ಕೂಗಿದ. ಕಾವಲಿನವನು ಓಡಿಬಂದು ಪೀಠದ ಮುಂದೆ ನಿಂತ. "ಅಮ್ಮಾ, ಅವನ ಬಾಯಿ ಜಾಸ್ತಿಯಾಯ್ತು. ಕೊಂಚ ದಿನ ಉಪ್ಪಿನ ಬಯಲಿಗೆ ಕಳಿಸೋಣವಾ?"

ಹೂಂ ಎಂಬ ಮಾತು ಹಾಡುಗಾತಿಯ ನಾಲಿಗೆಯ ತುದಿಗೆ ಬಂತು. ಅದು ಎಷ್ಟು ಸಲೀಸಾಗಿ ಬಂತೆಂದರೆ ಅವಳಿಗೇ ಮೈ ಬೆವರಿತು. ತುಟಿ ಕಚ್ಚಿಕೊಂಡು, "ಯೋಚನೆ ಮಾಡ್ತೀನಿ. ನೀನು ಹೋಗು" ಎಂದಳು.

ಮರುದಿನ ಅವಳನ್ನು ನೋಡಲು ಯಜಮಾನ ಬಂದ. ಹೆಗಲಲ್ಲಿ ಜೋಳದ ತೆನೆಯ ಕಟ್ಟು, ಬಿಸಿಲಿಗೆ ಕಪ್ಪಾದ ಕಾಲುಗಳು. ತೆನೆಗಳನ್ನು ಅವಳ ಮುಂದಿಟ್ಟು, ಹಕ್ಕಿಗಳು ಉಳಿಸಿದ್ದು ಇಷ್ಟೇ ಎಂದ. ಅವಳ ಉದ್ದನೆಯ ಸೆರಗನ್ನು ನೋಡಿದ. ಎದುರಿಗೆ ನೆಲದ ಮೇಲೆ ಕೂತ.

"ಯಾವ ಕಾಲು?" ಎಂದು ಕೇಳಿದ.

ಅವಳು ಸುತ್ತಲೂ ನೋಡಿದಳು. "ಎಡಗಾಲು" ಎಂದಳು.

"ನನಗೆ ಬಲಗಾಲು."

"ತುಂಬ ಹಿತವಾಗಿದೆ" ಎಂದಳು ಅವಳು, ತಪ್ಪು ಮಾಡಿದವಳ ಹಾಗೆ.

"ಹಿತವಾಗಿಲ್ಲದೆ ಏನು? ಮೊದಲನೇ ಬೇರಿನಷ್ಟು ರುಚಿ ಯಾವುದಕ್ಕೂ ಇಲ್ಲ. ಎರಡನೇದಕ್ಕೆ ಅಷ್ಟು ಇರಲಿಲ್ಲ. ಆಮೇಲಿನವು ಬಂದದ್ದೇ ನನಗೆ ಗೊತ್ತಾಗಲಿಲ್ಲ. ಒಂದು ದಿನ ಯಾರೋ ಮುಂದೆ ನಿಂತು ಅಳ್ತಾ ಇದ್ದರು. ಯಾಕೆ ಅಂತ ಕೇಳೋಣ ಅಂದುಕೊಂಡೆ. ನಾಲಿಗೆ ಮರವಾಗಿತ್ತು."

"ಕಿತ್ತರೆ ನೋವಾಗ್ತದಾ?"

"ನನ್ನನ್ನು ಕೇಳ್ತೀಯಲ್ಲ. ನಾನು ಕಿತ್ತುಕೊಂಡವನಲ್ಲ, ನೀವು ಅಗೆದು ತೆಗೆದವರು. ಆಗಬಹುದು. ನಿನ್ನದು ಇನ್ನೂ ಎಳೇದು." ಅವನು ಎದ್ದು ಬಟ್ಟೆ ಕೊಡವಿಕೊಂಡ. "ನಾನು ಹೊರಡ್ತೀನಿ. ಹೊತ್ತಾದರೆ ಹೊಲದವಳು ಬೈತಾಳೆ. ಬೈಸಿಕೊಳ್ಳೋದು ಚೆನ್ನಾಗಿರ್ತದೆ, ಗೊತ್ತಾ?"

ಅವನು ಹೋದ ಮೇಲೆ ಹಾಡುಗಾತಿ ಸಂತೆಯ ದಿನಕ್ಕಾಗಿ ಕಾದಳು. ಕದ್ದು ಮಾಡುವ ಕೆಲಸವಲ್ಲ ಇದು ಎಂದು ಅವಳಿಗೆ ಅನಿಸಿತ್ತು. ಸಂತೆ ಕೂಡಿದಾಗ, ನಡುಹಗಲಿನಲ್ಲಿ, ಎಲ್ಲರನ್ನೂ ಹತ್ತಿರ ಕರೆದು ಸೆರಗನ್ನು ಎತ್ತಿದಳು. ಜನ ಬಿಳಿ ಎಳೆಯನ್ನು ನೋಡಿದರು. ಅವಳು ಎರಡೂ ಕೈಯಲ್ಲಿ ಮೊಣಕಾಲು ಹಿಡಿದು ಎಳೆದಳು. ನೋವಾಯಿತು. ಹಲ್ಲು ಕೀಳಿಸಿದಂತೆ, ಅದಕ್ಕೂ ಹೆಚ್ಚಾಗಿ, ನಾಡನ್ನೇ ಮೈಯಿಂದ ಕಿತ್ತಂತೆ. ಎಳೆ ಪಟ್ಟೆಂದು ಬಂತು. ಅವಳು ಮುಗ್ಗರಿಸಿ ಕಡಲೆಕಾಯಿಯ ರಾಶಿಯ ಮೇಲೆ ಬಿದ್ದಳು. ಕಡಲೆಕಾಯಿಯವಳು ಅಭ್ಯಾಸದಂತೆ ಬೈಯಲು ಹೋಗಿ, ಯಾರೆಂದು ನೋಡಿ, ಬಾಯಿ ಮುಚ್ಚಿಕೊಂಡಳು.

"ಬೈಯವ್ವ" ಎಂದಳು ಹಾಡುಗಾತಿ, ಕಣ್ಣೊರೆಸಿಕೊಳ್ಳುತ್ತ. "ನಿನ್ನ ರಾಶಿ ಹಾಳು ಮಾಡಿದ್ದೀನಿ."

ಜನ ನಗಲಿಲ್ಲ. ಅವರಿಗೆ ಸಿಟ್ಟು ಬಂದಿತ್ತು. ನಮ್ಮನ್ನು ನಡುನೀರಿನಲ್ಲಿ ಬಿಟ್ಟು ಹೋಗ್ತೀಯಾ ಎಂದು ಕೇಳಿದರು. ದನಗಾರರ ಹಿರಿಯನೂ ಹೊಲದವರ ಹಿರಿಯನೂ ಒಟ್ಟಿಗೆ ಬಂದು, ಕೂತಿರು ಎಂದು ಕೈಮುಗಿದರು. ಎಲ್ಲರಿಗಿಂತ ಹೆಚ್ಚು ಸಿಟ್ಟಾದವಳು ಕುಂಬಾರಗಿತ್ತಿ.

"ನಿನಗೇನು, ಎದ್ದು ಹೋಗ್ತೀಯ, ಎಲ್ಲರೂ ಹಾಡು ಕಟ್ಟುತ್ತಾರೆ. ಇಲ್ಲಿ ನಿನ್ನ ಹಾಗೆ ಇನ್ನು ಯಾರಿದ್ದಾರೆ?"

"ನೀನಿದ್ದೀಯ. ನಗಾರಿ ಇಡು."

"ನಾನು ಗೆಲ್ಲದಿದ್ದರೆ?"

"ಗೆದ್ದವರ ಹತ್ರ ಜಗಳ ಆಡು. ನಿನಗೆ ಅದು ಚೆನ್ನಾಗಿ ಬರ್ತದೆ." ಹಾಡುಗಾತಿ ಗೆಳತಿಯ ಕೈ ಹಿಡಿದುಕೊಂಡಳು. "ಅಂಬಿಗನನ್ನು ಉಪ್ಪಿನ ಬಯಲಿಗೆ ಕಳಿಸು ಅಂತ ಹೇಳೋಕೆ ಹೊರಟಿದ್ದೆ ಕಣೇ. ನೀನೂ ನಾನೂ ಒಂದೇ ತಟ್ಟೆಯಲ್ಲಿ ಉಂಡ ಜಾಗಕ್ಕೆ. ಮಾತು ಇಲ್ಲಿವರೆಗೆ ಬಂದಿತ್ತು." ತುಟಿ ಮುಟ್ಟಿ ತೋರಿಸಿದಳು.

ಕುಂಬಾರಗಿತ್ತಿ ಬಾಗಿ ಚೆಲ್ಲಿದ ಕಡಲೆಕಾಯಿ ಬಾಚತೊಡಗಿದಳು. ಆಮೇಲೆ, "ನಗಾರಿಗಳಿಗೆ ಗೆದ್ದಲು ಹಿಡಿದಿರಲಿಲ್ಲ" ಎಂದಳು.

"ಗೊತ್ತಿತ್ತು" ಎಂದಳು ಹಾಡುಗಾತಿ.

ನಗಾರಿಗಳನ್ನು ಹೊರತಂದು ಬಿಸಿಲಿಗೆ ಇಟ್ಟರು. ಕುಂಬಾರಗಿತ್ತಿಯದು ಗುಡುಗಿತು, ಅಂಬಿಗನದೂ ಗುಡುಗಿತು. ಸಂಜೆಯವರೆಗೂ ಯಾವುದು ಹೆಚ್ಚೆಂದು ತಿಳಿಯಲಿಲ್ಲ. ನದಿಯ ಎರಡೂ ದಡದ ದೋಣಿಯವರು, ಮೀನಿನವರು, ಸೇತುವೆಗೆ ಹೆದರಿದ್ದವರೆಲ್ಲ ಕೊನೆಯ ಹೊತ್ತಿಗೆ ಕಲ್ಲು ಹಿಡಿದು ಬಂದರು. ಅಂಬಿಗ ಗೆದ್ದ. ಹಾಡುಗಾತಿ ತನ್ನ ಕಲ್ಲನ್ನು ಗೆಳತಿಯ ನಗಾರಿಗೆ ಹಾಕಿದ್ದಳು.

ಆದರೂ ಅಂಬಿಗನ ಕೈಹಿಡಿದು ಪೀಠದವರೆಗೆ ಕರೆದೊಯ್ದವಳು ಅವಳೇ. ಹೊರಡುವ ಮುಂಚೆ ಜನದ ಒಪ್ಪಿಗೆ ಪಡೆದು ಒಂದೇ ಒಂದು ಕಟ್ಟಳೆ ಮಾಡಿದಳು: ಪೀಠದಲ್ಲಿರುವವರು ಸಂತೆಯ ದಿನ ಎದ್ದು ನಿಂತು, ಕೇಳಿದವರಿಗೆ ಹಿಮ್ಮಡಿ ತೋರಿಸಬೇಕು.

"ನನಗೆ ಬೇರು ಬರೋದಿಲ್ಲ" ಎಂದ ಅಂಬಿಗ. "ನಾನು ನೀರಿನವನು."

"ಎಲ್ಲರೂ ಹಾಗೇ ಅಂದುಕೊಳ್ತೀವಿ. ಜುಮ್ಮೆಂದರೆ ತಕ್ಷಣ ಎದ್ದುಬಿಡು."

ಅವನು ಏನೋ ಹೇಳಲು ಹೋಗಿ, ಅವಳ ಎಡಗಾಲಿನ ಗಾಯವನ್ನು ನೋಡಿ, ಹೂಂ ಎಂದ.

ಹಾಡುಗಾತಿ ನದಿಯ ಆಚೆ ದಡದಲ್ಲಿ ಮನೆ ಮಾಡಿದಳು. ಮದುವೆಗಳಲ್ಲಿ ಹಾಡಿದಳು, ಮಕ್ಕಳಿಗೆ ಸೋರೆಬುರುಡೆಯ ತಂತಿ ಮೀಟಲು ಕಲಿಸಿದಳು. ಆ ಬೇಸಗೆಯಲ್ಲಿ ಅಂಬಿಗ ಸೇತುವೆಯ ಕೆಲಸ ನಿಲ್ಲಿಸಿದನೆಂಬ ಸುದ್ದಿ ಬಂತು. ಅವಳಿಗೆ ಅನ್ನ ಸೇರಲಿಲ್ಲ. ಬೆಳಗ್ಗೆ ಎದ್ದು, ದೋಣಿ ಹತ್ತಿ, ಪೀಠದ ಮುಂದಿನ ಸಾಲಿನಲ್ಲಿ ಹೋಗಿ ನಿಂತಳು. ಮುಂದಿದ್ದವರು ಜಾಗ ಬಿಡಲು ಬಂದರು. ಬೇಡ ಎಂದಳು. ಬಿಸಿಲಲ್ಲಿ ನಿಂತು ನಿಂತು ಅವಳ ಸರದಿ ಬರುವಷ್ಟರಲ್ಲಿ ಕಾಲು ಸೋತಿದ್ದವು.

"ಸೇತುವೆ ಯಾಕೆ ನಿಲ್ಲಿಸಿದೆ?"

"ಅದರ ಬದಲು ದೊಡ್ಡ ದೋಣಿಗಳು ಬರ್ತವೆ" ಎಂದ ಅಂಬಿಗ. "ಎತ್ತಿನ ಗಾಡಿ ಹಿಡಿಸೋ ಅಂಥವು."

"ದೋಣಿ ಪ್ರವಾಹಕ್ಕೆ ನಿಲ್ಲುತ್ತಾ? ಬಸುರಿ ಹೆಂಗಸರು ಏನು ಮಾಡಬೇಕು?"

"ನೀನು ಕಟ್ಟಿದ ಕಂಬಗಳು ನಿಲ್ಲುತ್ತವಾ? ತುದಿಯದು ಈಗಲೇ ವಾಲಿದೆ. ಹೋಗಿ ನೋಡು."

ವಾದ ಬಿಸಿಯೇರಿತು. ಅವಳು ಕೈಬೀಸಿ ಮಾತಾಡಿದಳು, ಅವನು ದಡದಿಂದ ದಡಕ್ಕೆ ಕೇಳುವಂತೆ ಕೂಗಿದ. ಹಿಂದಿನ ಸಾಲಿನವರು, ಬೇಗ ಮುಗಿಸಿ, ನಮಗೂ ಕೆಲಸ ಇದೆ ಎಂದರು. ಕೊನೆಗೆ ಅಂಬಿಗ, "ಆಗೋದಿಲ್ಲ. ಮುಂದಿನವರು ಬರಲಿ" ಎಂದ.

ಅವಳು ಸೋತು ಹೊರಬಂದಳು. ಇಷ್ಟು ಸಿಟ್ಟು ಅವಳಿಗೆ ಎಷ್ಟೋ ವರ್ಷಗಳಿಂದ ಬಂದಿರಲಿಲ್ಲ. ದೋಣಿಗಟ್ಟೆಯ ಹತ್ತಿರ ಗಂಜಿ ಮಾರುವ ಗುಡಿಸಲಿನ ನೆರಳಿನಲ್ಲಿ ಜನ ಕೂತಿದ್ದರು. ಒಬ್ಬ, ಈ ಅಂಬಿಗನಿಗೆ ತಲೆಯಿಲ್ಲ ಎನ್ನುತ್ತಿದ್ದ. ಇನ್ನೊಬ್ಬ, ಇವನೇ ವಾಸಿ, ಆ ಹಾಡುಗಾತಿ ನಮ್ಮನ್ನೆಲ್ಲ ನಡೆಸಿ ನಡೆಸಿ ಸಾಯಿಸಿದ್ದಳು ಎನ್ನುತ್ತಿದ್ದ. ಕುಂಬಾರಗಿತ್ತಿ ನಡುವೆ ಕೂತು, ಇಬ್ಬರನ್ನೂ ಸೇರಿಸಿ ಬೈಯುತ್ತಿದ್ದಳು. ಕಾವಲಿನವನು ಪಕ್ಕದಲ್ಲಿಯೇ ಗಂಜಿ ಕುಡಿಯುತ್ತ, ನಡುನಡುವೆ ತಾನೂ ಒಂದು ಮಾತು ಸೇರಿಸುತ್ತಿದ್ದ. ಯಾರೂ ದನಿ ತಗ್ಗಿಸಿರಲಿಲ್ಲ. ಯಾರೂ ಹಿಂದೆ ತಿರುಗಿ ನೋಡುತ್ತಿರಲಿಲ್ಲ.

ಹಾಡುಗಾತಿ ಒಂದು ಗಳಿಗೆ ನಿಂತು ಕೇಳಿಸಿಕೊಂಡಳು. ಇಷ್ಟು ಜನ ಸೇರಿ ಬೇರೆ ಬೇರೆ ಶ್ರುತಿಯಲ್ಲಿ ಹೀಗೆ ಗೊಣಗುವುದನ್ನು ಅವಳು ಹಿಂದೆಂದೂ ಕೇಳಿರಲಿಲ್ಲ. ಸಿಟ್ಟು ಇಳಿದಿರಲಿಲ್ಲ, ಆದರೂ ಮೈ ಹಗುರಾಗಿತ್ತು.

"ಚೂರು ಸರೀರಿ" ಎಂದು ಅವಳು ನಡುವೆ ಜಾಗ ಮಾಡಿಕೊಂಡು ಕೂತಳು. ಒಂದು ಬಟ್ಟಲು ಗಂಜಿ ತೆಗೆದುಕೊಂಡಳು. ಆಮೇಲೆ ಗಂಟಲು ಸರಿಮಾಡಿಕೊಂಡು, ತಾನೂ ಗೊಣಗತೊಡಗಿದಳು.